ಬಾಲ್ ಬಿಡಿ, ಆ ಐದು ಜನರನ್ನು ನೋಡಿ

ಪ್ರಶ್ನೆ: ನಾವು ಮೈಸೂರಿನವರು. ಎರಡು ವರ್ಷದಿಂದ ಟೆಕ್ಸಸ್‌ನ ಫ್ರಿಸ್ಕೊದಲ್ಲಿದ್ದೇವೆ. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಅಂದರೆ ಊರಹಬ್ಬ. ನನ್ನ ಮಗ ಏಳನೇ ಕ್ಲಾಸು. ಈ ವರ್ಷ ಸ್ಕೂಲ್ ಟೀಮಿಗೆ ಸೇರಿದ. ಮೈಕಟ್ಟು ದೊಡ್ಡದು ಅಂತ ಕೋಚ್ ಅವನನ್ನು ಅಫೆನ್ಸಿವ್ ಲೈನ್‌ಗೆ, ಅಂದರೆ ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿಗೆ, ಹಾಕಿದ್ದಾರೆ. "ಅಮ್ಮಾ, ನಂಗೆ ಬಾಲೇ ಸಿಗಲ್ಲ, ನಾನು ಸುಮ್ನೆ ಗೋಡೆ" ಅಂತ ಬೇಜಾರು ಮಾಡಿಕೊಂಡು ಕೂತಿದ್ದಾನೆ. ಅವನಿಗೋಸ್ಕರ ನಾನೂ ಟಿವಿಯಲ್ಲಿ ಪಂದ್ಯ ನೋಡುತ್ತಿದ್ದೇನೆ. ಎಲ್ಲರೂ ಮಾತಾಡುವುದು ಬಾಲ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಬಗ್ಗೆ ಮಾತ್ರ. ಲೈನ್‌ನಲ್ಲಿ ನಿಲ್ಲುವವರಿಗೆ ನಿಜವಾಗಿ ಬೆಲೆ ಇದೆಯೇ? ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಅಷ್ಟು ದೊಡ್ಡ ಆಟಗಾರ ಆಗಿದ್ದರೆ 2025ರ ಲೀಗ್ ಫೈನಲ್ ಸೂಪರ್ ಬೌಲ್‌ನಲ್ಲಿ ಹಾಗೆ ಸೋತದ್ದೇಕೆ? ಹಳೆಯ ಕ್ವಾರ್ಟರ್‌ಬ್ಯಾಕ್ ಬ್ರೇಡಿ, ಈಗಿನ ಮಹೋಮ್ಸ್ ಇಬ್ಬರಲ್ಲಿ ಯಾರು ದೊಡ್ಡವರು?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ನನ್ನ ಮಟ್ಟಿಗೆ ಮೂರೂ ಒಂದೇ. ನಿಮ್ಮ ಮಗ ನಿಲ್ಲುವ ಜಾಗ ಅರ್ಥವಾದರೆ ಮಹೋಮ್ಸ್ ಯಾಕೆ ಸೋತರು ಅನ್ನುವುದೂ ಅರ್ಥವಾಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಫಿಲಡೆಲ್ಫಿಯಾ ಈಗಲ್ಸ್ ಅಭಿಮಾನಿ. ನೀವಿರುವ ಫ್ರಿಸ್ಕೊದಲ್ಲೇ ಡಲ್ಲಾಸ್ ಕೌಬಾಯ್ಸ್ ತಂಡದ ಕೇಂದ್ರ ಕಚೇರಿ ಇದೆ. ನಮ್ಮಿಬ್ಬರ ತಂಡಗಳಿಗೆ ಆಗಿಬರುವುದಿಲ್ಲ. ಆದರೂ ಮುಂದೆ ಒಬ್ಬ ಕೌಬಾಯ್ಸ್ ಆಟಗಾರನನ್ನು ನಾನೇ ಮನಸಾರೆ ಹೊಗಳುತ್ತೇನೆ, ನೋಡಿ.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಬಾಲನ್ನೇ ನೋಡುತ್ತಿದ್ದೆ. ಕ್ರಿಕೆಟ್ ನೋಡಿ ಬೆಳೆದವರ ಕಣ್ಣು ಹಾಗೇ ಪಳಗಿರುತ್ತದೆ, ಅಲ್ವಾ? ಬಾಲ್ ಎಲ್ಲಿಗೆ ಹೋದರೆ ಅಲ್ಲಿಗೆ ಕಣ್ಣು. ಈ ಆಟದಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಬಾಲ್ ಗಾಳಿಗೆ ಹಾರುವ ಹೊತ್ತಿಗೆ ಮುಖ್ಯವಾದದ್ದು ಆಗಿ ಮುಗಿದಿರುತ್ತದೆ. ಬಾಲ್ ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಆ ಎರಡೂವರೆ ಸೆಕೆಂಡನ್ನು ಸಂಪಾದಿಸಿ ಕೊಡುವವರು ಮುಂದೆ ನಿಂತ ಐದು ಜನ. ನಿಮ್ಮ ಮಗ ಆ ಐವರಲ್ಲಿ ಒಬ್ಬ.

ಐವರ ಹೆಸರು ಹೇಳಿಬಿಡುತ್ತೇನೆ. ನಡುವೆ ಸೆಂಟರ್. ಅವನ ಎರಡೂ ಪಕ್ಕ ಗಾರ್ಡ್‌ಗಳು. ಎರಡೂ ತುದಿಗೆ ಟ್ಯಾಕಲ್‌ಗಳು. ಟ್ಯಾಕಲ್ ಮಾಡುವುದು ಅಂದರೆ ಎದುರಾಳಿಯನ್ನು ಕೆಡವುವುದು. ಆದರೆ ಇಲ್ಲಿ ಅದೊಂದು ಜಾಗದ ಹೆಸರು. ಹೊಸಬರಿಗೆ ಇದು ಗೊಂದಲ ಆಗಿಯೇ ಆಗುತ್ತದೆ. ಈ ಐವರೂ ಸಾಮಾನ್ಯವಾಗಿ ಮುಂದಕ್ಕೆ ಎಸೆದ ಬಾಲನ್ನು ಹಿಡಿಯುವಂತಿಲ್ಲ, ಅದು ನಿಯಮ. ವೃತ್ತಿಪರ ತಂಡಗಳಲ್ಲಿ ಇವರು ಹೆಚ್ಚುಕಡಿಮೆ ಎಲ್ಲರೂ 135 ಕಿಲೋ ದಾಟಿದವರು.

ದಪ್ಪಗಿದ್ದವರನ್ನು ತಂದು ಅಡ್ಡ ನಿಲ್ಲಿಸಿದ್ದಾರೆ ಅಂತ ಟಿವಿಯಲ್ಲಿ ಕಾಣುತ್ತದೆ. ಹಾಗಲ್ಲ. ಮೈಸೂರಿನವರಾದ ನಿಮಗೆ ದಸರಾ ಕುಸ್ತಿ ಗೊತ್ತಿರುತ್ತದೆ. ಪೈಲ್ವಾನನ ಶಕ್ತಿ ತೋಳಲ್ಲಿ ಕಾಣುತ್ತದೆ, ಇರುವುದು ಕಾಲಲ್ಲಿ. ಇಲ್ಲೂ ಹಾಗೆಯೇ. ವ್ಯತ್ಯಾಸ ಏನೆಂದರೆ, ಲೈನ್‌ನವನು ಹಿಂದಕ್ಕೆ ಹೆಜ್ಜೆ ಇಡುತ್ತಾ ಕುಸ್ತಿ ಆಡಬೇಕು. ಎದುರಿನವನು ಓಡಿ ಬರುತ್ತಾನೆ. ಇವನು ಅವನ ಬಟ್ಟೆ ಹಿಡಿದು ಎಳೆಯುವಂತಿಲ್ಲ. ಎಳೆದರೆ ಹಳದಿ ಫ್ಲ್ಯಾಗ್ ಬೀಳುತ್ತದೆ, ಹೋಲ್ಡಿಂಗ್ ತಪ್ಪಿಗೆ ತಂಡ 10 ಯಾರ್ಡ್ ಹಿಂದೆ ಹೋಗಬೇಕು. ಹಿಂದೆ ಕ್ವಾರ್ಟರ್‌ಬ್ಯಾಕ್ ಎಲ್ಲಿ ನಿಂತಿದ್ದಾನೆ ಅಂತ ತಿರುಗಿ ನೋಡುವಂತೆಯೂ ಇಲ್ಲ. ಅಂದಾಜಿನಲ್ಲೇ ಅವನ ಸುತ್ತ ಬೇಲಿ ಕಟ್ಟಬೇಕು. ಆ ಬೇಲಿಗೆ ಪಾಕೆಟ್ ಅಂತಾರೆ.

ಇದರ ಜೊತೆಗೆ ತಲೆಕೆಲಸ. ಎದುರಾಳಿಗಳು ಇಬ್ಬರು ಓಡುತ್ತಾ ಓಡುತ್ತಾ ಜಾಗ ಅದಲುಬದಲು ಮಾಡುತ್ತಾರೆ. ಅದಕ್ಕೆ ಸ್ಟಂಟ್ ಅಂತಾರೆ. ಆಗ ಗಾರ್ಡ್ ಮತ್ತು ಟ್ಯಾಕಲ್ ಒಬ್ಬರಿಗೊಬ್ಬರು ತಮ್ಮ ಎದುರಾಳಿಯನ್ನು ದಾಟಿಸಿಕೊಳ್ಳಬೇಕು. ಮಾತಿಗೆ ಪುರಸೊತ್ತಿಲ್ಲ. ಭುಜ ತಗುಲಿದ ರೀತಿಯಲ್ಲೇ ಅರ್ಥ ಆಗಬೇಕು. ಹೀಗೆ ಆಗಬೇಕಾದರೆ ಆ ಐವರು ತಿಂಗಳುಗಟ್ಟಲೆ ಜೊತೆಯಲ್ಲಿ ಅಭ್ಯಾಸ ಮಾಡಿರಬೇಕು. ಒಬ್ಬ ಗಾಯಗೊಂಡರೆ ಉಳಿದ ನಾಲ್ವರ ಆಟವೂ ಕೆಡುವುದು ಇದೇ ಕಾರಣಕ್ಕೆ.

ಈಗ ಮಹೋಮ್ಸ್ ವಿಷಯಕ್ಕೆ ಬರೋಣ. ಅವರು ಆಡಿದ ಸೂಪರ್ ಬೌಲ್‌ಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು 2021ರ ಫೆಬ್ರವರಿ 7ರಂದು ಟ್ಯಾಂಪಾದಲ್ಲಿ ನಡೆದದ್ದು. ಕ್ಯಾನ್ಸಸ್ ಸಿಟಿ ಚೀಫ್ಸ್ ಹಿಂದಿನ ವರ್ಷದ ಚಾಂಪಿಯನ್. ಎದುರಿಗೆ ಟಾಮ್ ಬ್ರೇಡಿಯ ಟ್ಯಾಂಪಾ ಬೇ. ಚೀಫ್ಸ್‌ನ ಎಡ ಟ್ಯಾಕಲ್ ಎರಿಕ್ ಫಿಶರ್ ಅದರ ಹಿಂದಿನ ಪಂದ್ಯದಲ್ಲೇ ಹಿಮ್ಮಡಿಯ ಅಕಿಲಿಸ್ ಹರಿದುಕೊಂಡಿದ್ದರು. ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಜ್‌ಗೆ ಬೆನ್ನು ನೋವು. ಗಾರ್ಡ್ ಲೊರಾಂ ಡುವರ್ನೇ-ಟಾರ್ಡಿಫ್ ವೈದ್ಯಕೀಯ ಓದಿದವರು. ಕೋವಿಡ್ ಬಂದಾಗ ಆ ಇಡೀ ವರ್ಷ ಆಟ ಬಿಟ್ಟು ಮಾಂಟ್ರಿಯಲ್‌ನಲ್ಲಿ ರೋಗಿಗಳ ಆರೈಕೆಗೆ ನಿಂತರು. ಅವರ ಬಗ್ಗೆ ನನಗೆ ಅಪಾರ ಗೌರವ. ಒಟ್ಟಿನಲ್ಲಿ ಲೈನ್ ಪೂರ್ತಿ ಕಲಸಿಹೋಗಿತ್ತು. ಬೇರೆ ಜಾಗದವರನ್ನು ತಂದು ತುದಿಗಳಿಗೆ ನಿಲ್ಲಿಸಿದ್ದರು.

ಆಮೇಲೆ ಆದದ್ದು ಏನು? ಮಹೋಮ್ಸ್ ಜೀವ ಉಳಿಸಿಕೊಳ್ಳಲು ಓಡುತ್ತಲೇ ಇದ್ದರು. ಬಾಲ್ ಎಸೆಯುವ ಅಥವಾ ಕೆಳಗೆ ಬೀಳುವ ಮುಂಚೆ ಅವರು ಆ ರಾತ್ರಿ ಹಿಂದೆ ಮುಂದೆ ಓಡಿದ್ದು ಒಟ್ಟು 497 ಯಾರ್ಡ್ ಅಂತ ಲೆಕ್ಕ ಹಾಕಿದರು. ಮೈದಾನದ ಉದ್ದ 100 ಯಾರ್ಡ್. ಒಂದು ಸಲ ನೆಲಕ್ಕೆ ಅಡ್ಡವಾಗಿ ಬೀಳುತ್ತಲೇ ಎಸೆದ ಬಾಲ್ ಸೀದಾ ಸಂಗಡಿಗನ ಹೆಲ್ಮೆಟ್‌ಗೇ ಹೋಗಿ ಬಡಿಯಿತು. ಅದಕ್ಕಿಂತ ಅದ್ಭುತವಾದ ಎಸೆತ ನಾನು ಕಂಡಿಲ್ಲ. ಸಂಗಡಿಗ ಹಿಡಿಯಲಿಲ್ಲ. 31-9ರಲ್ಲಿ ಸೋತರು. ಒಂದೇ ಒಂದು ಟಚ್‌ಡೌನ್, ಅಂದರೆ ಬಾಲನ್ನು ಎದುರಾಳಿಯ ಕೊನೆಗೆರೆ ದಾಟಿಸಿದ್ದು, ಬರಲಿಲ್ಲ.

ಮಹೋಮ್ಸ್ ಆ ರಾತ್ರಿ ಕೆಟ್ಟದಾಗಿ ಆಡಿದರು ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅವರಿಗೆ ಆಡಲು ಸಮಯವೇ ಸಿಗಲಿಲ್ಲ.

ಚೀಫ್ಸ್‌ನವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ಎಸೆದ ಬಾಲ್ ಹಿಡಿಯುವ ಹೊಸ ರಿಸೀವರ್ ಬೇಕು ಅಂತ ಹೊರಡಲಿಲ್ಲ. ಅದೇ ವರ್ಷ ಲೈನ್ ಇಡೀ ಹೊಸದಾಗಿ ಕಟ್ಟಿದರು. ನ್ಯೂ ಇಂಗ್ಲೆಂಡ್‌ನಿಂದ ಗಾರ್ಡ್ ಜೋ ಥೂನಿಯನ್ನು ಕರೆತಂದರು. ಬಾಲ್ಟಿಮೋರ್‌ನಿಂದ ಟ್ಯಾಕಲ್ ಒರ್ಲ್ಯಾಂಡೊ ಬ್ರೌನ್. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ, ಆರನೇ ಸುತ್ತಿನಲ್ಲಿ ಗಾರ್ಡ್ ಟ್ರೇ ಸ್ಮಿತ್. ಮರುವರ್ಷ ಮಿಂಚಿನಂತೆ ಓಡುವ ಟೈರೀಕ್ ಹಿಲ್‌ನನ್ನೇ ಮಯಾಮಿಗೆ ಬಿಟ್ಟುಕೊಟ್ಟರು. ಎಲ್ಲರೂ ತಲೆ ಮೇಲೆ ಕೈ ಇಟ್ಟುಕೊಂಡರು. ಲೈನ್‌ನವರನ್ನು ಮಾತ್ರ ಅವರು ಬಿಡಲಿಲ್ಲ.

ಎರಡನೆಯದು 2023ರ ಫೆಬ್ರವರಿ 12, ಅರಿಝೋನಾದಲ್ಲಿ. ಎದುರಿಗೆ ನಮ್ಮ ಈಗಲ್ಸ್. ಇದನ್ನು ಬರೆಯಲು ನನಗೆ ಇವತ್ತಿಗೂ ಕಷ್ಟ. ಆ ಸೀಸನ್‌ನಲ್ಲಿ ನಮ್ಮ ಡಿಫೆನ್ಸ್ 70 ಸ್ಯಾಕ್ ಮಾಡಿತ್ತು. ಸ್ಯಾಕ್ ಅಂದರೆ ಬಾಲ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು. 17 ಪಂದ್ಯಕ್ಕೆ 70 ಅಂದರೆ ಲೀಗ್‌ನ ಇತಿಹಾಸದಲ್ಲೇ ಅತಿ ದೊಡ್ಡ ಲೆಕ್ಕಗಳಲ್ಲಿ ಒಂದು. ಹಾಸನ್ ರೆಡಿಕ್ ಒಬ್ಬರೇ 16 ಮಾಡಿದ್ದರು. ಮಹೋಮ್ಸ್ ಕಾಲು ಬೇರೆ ಉಳುಕಿತ್ತು. ನಾವು ಗೆದ್ದೆವು ಅಂತಲೇ ನಾನು ಲೆಕ್ಕ ಹಾಕಿದ್ದೆ.

ಆ ರಾತ್ರಿ ನಮಗೆ ಸಿಕ್ಕ ಸ್ಯಾಕ್ ಎಷ್ಟು ಗೊತ್ತೇ? ಸೊನ್ನೆ.

ಬಲ ಟ್ಯಾಕಲ್ ಜಾಗದಲ್ಲಿ ನಿಂತಿದ್ದವರು ಆಂಡ್ರೂ ವೈಲಿ. ಎರಡು ವರ್ಷದ ಹಿಂದೆ ಟ್ಯಾಂಪಾದಲ್ಲಿ ಅದೇ ಜಾಗದಲ್ಲಿ ನಿಂತು ಪೆಟ್ಟು ತಿಂದವರೇ. ಈ ಸಲ ವೈಲಿಯೇ ರೆಡಿಕ್‌ರನ್ನು ಅಲುಗಾಡಲು ಬಿಡಲಿಲ್ಲ. ಮೈದಾನದ ಹುಲ್ಲು ಜಾರುತ್ತಿತ್ತು, ನಿಜ. ಆದರೆ ಅದು ಎರಡೂ ತಂಡಕ್ಕೆ ಜಾರುತ್ತಿತ್ತು. ಚೀಫ್ಸ್ ಕೋಚ್ ಆಂಡಿ ರೀಡ್ 14 ವರ್ಷ ನಮ್ಮ ಈಗಲ್ಸ್‌ಗೇ ಕೋಚ್ ಆಗಿದ್ದವರು. ಅವರು ಬಾಲನ್ನು ಬೇಗ ಬೇಗ ಕೈ ಬಿಡಿಸಿದರು. ಕೊನೆಯ ಹಂತದಲ್ಲಿ ಎರಡು ಸಲ ಒಂದೇ ಉಪಾಯ ಹೂಡಿದರು. ರಿಸೀವರ್ ಆಟ ಶುರುವಾಗುವ ಮುಂಚೆ ಒಳಗಡೆಗೆ ಓಡುವಂತೆ ಮಾಡಿ, ಗಕ್ಕನೆ ತಿರುಗಿ ಹೊರಕ್ಕೆ ಓಡಿದ. ನಮ್ಮವರು ಒಳಗಡೆಗೆ ಹೋದವರು ವಾಪಸ್ ಬರಲೇ ಇಲ್ಲ. ಎರಡೂ ಸಲ ಸುತ್ತ ಯಾರೂ ಇಲ್ಲದೆ ನಿಂತು ಹಿಡಿದರು, ಎರಡೂ ಸಲ ಟಚ್‌ಡೌನ್. 38-35. ಆ ಉಪಾಯವನ್ನು ಎಲ್ಲರೂ ಹೊಗಳಿದರು. ನಾನೂ ಹೊಗಳುತ್ತೇನೆ. ಆದರೆ ಆ ಸೊನ್ನೆ ಇಲ್ಲದಿದ್ದರೆ ಉಪಾಯ ಹೂಡುವ ಹೊತ್ತಿಗೆ ಅವರು ಬಹಳ ಹಿಂದೆ ಬಿದ್ದಿರುತ್ತಿದ್ದರು.

ಮೂರನೆಯದು ನೀವು ಕೇಳಿದ ಪಂದ್ಯ. 2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್. ಚೀಫ್ಸ್ ಸತತ ಮೂರನೇ ಸೂಪರ್ ಬೌಲ್ ಗೆಲ್ಲಲು ಬಂದಿದ್ದರು. ಯಾವ ತಂಡವೂ ಅದನ್ನು ಮಾಡಿಲ್ಲ. ಅಷ್ಟರಲ್ಲಿ ಬ್ರೌನ್ ಬೇರೆ ತಂಡಕ್ಕೆ ಹೋಗಿದ್ದರು. ಎಡ ಟ್ಯಾಕಲ್ ಜಾಗಕ್ಕೆ ಆ ವರ್ಷ ಒಬ್ಬರಾದ ಮೇಲೆ ಒಬ್ಬರನ್ನು ಹಾಕಿ ನೋಡಿದರು, ಯಾರೂ ನಿಲ್ಲಲಿಲ್ಲ. ಕೊನೆಗೆ ಗಾರ್ಡ್ ಥೂನಿಯನ್ನೇ ತುದಿಗೆ ಸರಿಸಿದರು. ಥೂನಿ ಒಳ್ಳೆಯ ಆಟಗಾರ, ಆದರೆ ಅದು ಅವರ ಜಾಗವಲ್ಲ. ಅವರು ಬಿಟ್ಟ ಗಾರ್ಡ್ ಜಾಗವೂ ಬಡವಾಯಿತು. ಒಂದು ತೂತು ಮುಚ್ಚಲು ಹೋಗಿ ಎರಡಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಈ ಲೆಕ್ಕ ಅರ್ಥವಾದರೆ ಪಂದ್ಯ ಅರ್ಧ ಅರ್ಥವಾದಂತೆ.

ಎರಡೂ ಕಡೆ 11 ಜನ. ಆಡುವ ತಂಡದ ಐವರು ಲೈನ್‌ನಲ್ಲಿ, ಒಬ್ಬ ಕ್ವಾರ್ಟರ್‌ಬ್ಯಾಕ್. ಉಳಿದ ಐವರು ಬಾಲ್ ಹಿಡಿಯಲು ಓಡಬಹುದು. ತಡೆಯುವ ತಂಡ ಸಾಮಾನ್ಯವಾಗಿ ನಾಲ್ವರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುತ್ತದೆ. ಆಗ ಹಿಂದೆ ಉಳಿಯುವವರು ಏಳು. ಐದು ಜನ ಓಡುಗರಿಗೆ ಏಳು ಜನ ಕಾವಲು. ನಾಲ್ವರಿಂದ ಆಗದಿದ್ದರೆ ಐವರನ್ನೋ ಆರು ಜನರನ್ನೋ ನುಗ್ಗಿಸಬೇಕು. ಅದಕ್ಕೆ ಬ್ಲಿಟ್ಜ್ ಅಂತಾರೆ. ಆರು ಜನ ನುಗ್ಗಿದರೆ ಹಿಂದೆ ಐವರೇ ಉಳಿಯುತ್ತಾರೆ. ಒಬ್ಬನಿಗೆ ಒಬ್ಬ. ಮಹೋಮ್ಸ್‌ನಂಥವರಿಗೆ ಅದು ಬಾಳೆಲೆ ಹಾಕಿ ಬಡಿಸಿದ ಹಾಗೆ. ಯಾರು ಒಂಟಿಯಾಗಿದ್ದಾರೆ ಅಂತ ಕಣ್ಣು ಮಿಟುಕಿಸುವುದರಲ್ಲಿ ನೋಡಿ ಎಸೆದುಬಿಡುತ್ತಾರೆ.

ಹಾಗಾಗಿ ಡಿಫೆನ್ಸ್ ಕೋಚ್‌ಗಳೆಲ್ಲರ ಆಸೆ ಒಂದೇ. ನಾಲ್ಕೇ ಜನರಿಂದ ಒತ್ತಡ ಬರಬೇಕು, ಏಳು ಜನ ಹಿಂದೆ ಉಳಿಯಬೇಕು. ನಮ್ಮ ಡಿಫೆನ್ಸ್ ಕೋಚ್ ವಿಕ್ ಫಾಂಜಿಯೊ ಆ ರಾತ್ರಿ ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ. ಬೇಕಾಗಲೇ ಇಲ್ಲ. ನಾಲ್ವರೇ ಸಾಕಾದರು. ಆರು ಸ್ಯಾಕ್. ಜಾಶ್ ಸ್ವೆಟ್ ಒಬ್ಬರದೇ ಎರಡೂವರೆ. ಹಿಂದೆ ಇಬ್ಬರು ಸೇಫ್ಟಿಗಳು, ಅಂದರೆ ಕೊನೆಯ ಕಾವಲಿನವರು, ಆಳದಲ್ಲಿ ನಿಂತು ಉದ್ದದ ಎಸೆತಕ್ಕೆ ಬಾಗಿಲು ಹಾಕಿದ್ದರು. ಮಹೋಮ್ಸ್ ತಲೆ ಎತ್ತಿ ನೋಡಿದಾಗ ಯಾರೂ ಒಂಟಿಯಾಗಿಲ್ಲ. ಕಾಯೋಣ ಅಂದರೆ ಕಾಯಲು ಸಮಯವಿಲ್ಲ. ಅವಸರದಲ್ಲಿ ಎಸೆದ ಒಂದು ಬಾಲನ್ನು ನಮ್ಮ ಕೂಪರ್ ಡಿಜೀನ್ ಹಿಡಿದು ಟಚ್‌ಡೌನ್‌ವರೆಗೂ ಓಡಿದ. ಅವತ್ತು ಆ ಹುಡುಗನ 22ನೇ ಹುಟ್ಟುಹಬ್ಬ. ಅರ್ಧ ಪಂದ್ಯಕ್ಕೆ 24-0. ಕೊನೆಗೆ 40-22. ಆ ಕೊನೆಯ ಅಂಕಗಳನ್ನು ನೋಡಿ ಪಂದ್ಯ ಹತ್ತಿರ ಇತ್ತು ಅಂದುಕೊಳ್ಳಬೇಡಿ. ಒಂದು ಹಂತದಲ್ಲಿ 34-0 ಇತ್ತು.

ಮೂರೂ ಪಂದ್ಯದಲ್ಲಿ ಮಹೋಮ್ಸ್ ಅದೇ ಮಹೋಮ್ಸ್. ಬದಲಾದದ್ದು ಅವರ ಮುಂದೆ ನಿಂತವರು.

ಅದೇ ರಾತ್ರಿ ಗೆದ್ದ ಕಡೆಯ ಲೈನ್ ಬಗ್ಗೆಯೂ ಹೇಳಬೇಕು. ಇದು ನಿಮ್ಮ ಮಗನಿಗೆ ಹೇಳಲೇಬೇಕಾದ ಕತೆ. ನಮ್ಮ ಎಡ ಟ್ಯಾಕಲ್ ಜೋರ್ಡನ್ ಮೈಲಾಟ. 68ನೇ ನಂಬರ್. ಆರಡಿ ಎಂಟಿಂಚು ಎತ್ತರ, 160 ಕಿಲೋಗೂ ಜಾಸ್ತಿ ತೂಕ. ಸಿಡ್ನಿಯಲ್ಲಿ ಬೆಳೆದವರು. ಅಲ್ಲಿ ರಗ್ಬಿ ಲೀಗ್ ಆಡುತ್ತಿದ್ದರು. 2018ರಲ್ಲಿ ಈಗಲ್ಸ್ ಅವರನ್ನು ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ, 233ನೇ ಆಯ್ಕೆಯಾಗಿ ತೆಗೆದುಕೊಂಡಾಗ ಅವರು ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಪಂದ್ಯವನ್ನೂ ಆಡಿರಲಿಲ್ಲ. ರಗ್ಬಿಯಲ್ಲಿ ಬಾಲ್ ಹಿಡಿದು ಜನರನ್ನು ಸೀಳಿಕೊಂಡು ಓಡುತ್ತಿದ್ದ ಹುಡುಗ. ಇಲ್ಲಿ ಬಾಲ್ ಮುಟ್ಟದೆ ಹಿಂದಕ್ಕೆ ಹೆಜ್ಜೆ ಇಡುವುದನ್ನು ಕಲಿಯಬೇಕಾಯಿತು. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕಾಲಿನ ಹೆಜ್ಜೆಯಿಂದ ಶುರು ಮಾಡಿ ಕಲಿಸಿದರು. ಪಂದ್ಯದಲ್ಲಿ ಇಳಿಯಲು 2020ರವರೆಗೆ ಕಾದರು. ಇವತ್ತು ಆ ಜಾಗದಲ್ಲಿ ಆಡುವ ಅತ್ಯುತ್ತಮರಲ್ಲಿ ಒಬ್ಬರು. 2024ರಲ್ಲಿ ಮೂರು ವರ್ಷಕ್ಕೆ 6.6 ಕೋಟಿ ಡಾಲರ್‌ಗೆ ಹೊಸ ಒಪ್ಪಂದ ಮಾಡಿಕೊಂಡರು.

"ಬೆಲೆ ಇದೆಯೇ" ಅಂತ ಕೇಳಿದಿರಲ್ಲ, ದುಡ್ಡಿನ ಮಾತೇ ಆದರೆ ಡೆಟ್ರಾಯಿಟ್‌ನ ಟ್ಯಾಕಲ್ ಪೆನೇ ಸೂವೆಲ್ ಅವರ ಒಪ್ಪಂದ ವರ್ಷಕ್ಕೆ 2.8 ಕೋಟಿ ಡಾಲರ್. ಮೊದಲು ಹೀಗಿರಲಿಲ್ಲ. ಈ ಬೆಲೆ ಬರಲು ದೊಡ್ಡ ಕಾರಣ ಎದುರಾಳಿ ಕಡೆಯ ಒಬ್ಬ ಆಟಗಾರ. ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್. 1981ರಲ್ಲಿ ಬಂದರು. ನನ್ನ ಪ್ರಕಾರ ಈ ಆಟ ಕಂಡ ಅತಿ ದೊಡ್ಡ ಡಿಫೆನ್ಸ್ ಆಟಗಾರ. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಕ್ಕಿರುತ್ತದೆ. ಟೇಲರ್ ಅಲ್ಲಿಂದಲೇ ಬರುತ್ತಿದ್ದರು. 1985ರ ನವೆಂಬರ್ 18ರಂದು ವಾಷಿಂಗ್ಟನ್‌ನ ಕ್ವಾರ್ಟರ್‌ಬ್ಯಾಕ್ ಜೋ ಥೀಸ್‌ಮನ್ ಅವರ ಕಾಲು ಟೇಲರ್ ಬಿದ್ದ ರಭಸಕ್ಕೆ ಮುರಿಯಿತು. ಥೀಸ್‌ಮನ್ ಮತ್ತೆ ಆಡಲೇ ಇಲ್ಲ. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು. ಬೆನ್ನು ಕಾಯುವ ಎಡ ಟ್ಯಾಕಲ್‌ಗೆ ಬೆಲೆ ಏರತೊಡಗಿದ್ದು ಇಂಥ ಭಯದಿಂದಲೇ.

ಬಾಲ್ ಎಸೆಯದೆ ಹಿಡಿದೇ ಓಡುವ ಆಟಕ್ಕೂ ಇದೇ ಮಾತು. ಸೇಕ್ವಾನ್ ಬಾರ್ಕ್ಲಿ 2023ರಲ್ಲಿ ಜೈಂಟ್ಸ್‌ನಲ್ಲಿದ್ದಾಗ ಸೀಸನ್‌ಗೆ 962 ಯಾರ್ಡ್ ಓಡಿದರು. ಮರುವರ್ಷ ಈಗಲ್ಸ್‌ಗೆ ಬಂದರು. 2,005 ಯಾರ್ಡ್! ನಂತರದ ಪ್ಲೇಆಫ್ ಸೇರಿಸಿದರೆ 2,504, ಅದು ದಾಖಲೆ. ಅವರೇನು ಒಂದೇ ವರ್ಷದಲ್ಲಿ ಎರಡು ಪಟ್ಟು ವೇಗ ಆದರೇ? ಇಲ್ಲಿ ಮೈಲಾಟ, ಲ್ಯಾಂಡನ್ ಡಿಕರ್‌ಸನ್, ಕ್ಯಾಮ್ ಜರ್ಗೆನ್ಸ್, ಮೆಕಾಯ್ ಬೆಕ್ಟನ್, ಲೇನ್ ಜಾನ್ಸನ್ ದಾರಿ ಬಿಡಿಸಿದರು. ಬಾರ್ಕ್ಲಿಯೂ ಮಾತಿಗೆ ಸಿಕ್ಕಾಗಲೆಲ್ಲ ಲೈನ್‌ನವರನ್ನೇ ನೆನೆಯುತ್ತಿದ್ದರು. ಅದಕ್ಕೇ ನನಗೆ ಅವರ ಮೇಲೆ ಪ್ರೀತಿ ಜಾಸ್ತಿ.

ನನ್ನ ವಾದಕ್ಕೆ ಎದುರು ನಿಲ್ಲುವ ಒಂದು ಉದಾಹರಣೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಜೋ ಬರೋ 2020ರಲ್ಲಿ, ತಮ್ಮ ಮೊದಲ ವರ್ಷದಲ್ಲೇ ಮಂಡಿಯ ಗಾಯದಿಂದ ಹೊರಬಿದ್ದರು. ಮರುವರ್ಷದ ಡ್ರಾಫ್ಟ್‌ನಲ್ಲಿ ಸಿನ್ಸಿನಾಟಿಗೆ ಐದನೇ ಆಯ್ಕೆ. ಟ್ಯಾಕಲ್ ಸೂವೆಲ್ ಸಿಗುತ್ತಿದ್ದರು. ಅವರನ್ನು ಬಿಟ್ಟು ರಿಸೀವರ್ ಜಮಾರ್ ಚೇಸ್‌ನನ್ನು ತೆಗೆದುಕೊಂಡರು. ನನ್ನಂಥವರೆಲ್ಲ ಬೈದೆವು. ಅದೇ ವರ್ಷ ಅವರು ಸೂಪರ್ ಬೌಲ್‌ಗೇ ಹೋದರು. ದಾರಿಯಲ್ಲಿ ಟೆನೆಸ್ಸಿ ವಿರುದ್ಧ ಬರೋ ಒಂಬತ್ತು ಸಲ ಸ್ಯಾಕ್ ಆಗಿಯೂ 19-16ರಲ್ಲಿ ಗೆದ್ದರು. ಚೇಸ್ ಅಪ್ಪಟ ಚಿನ್ನ. ಆ ಆಯ್ಕೆ ತಪ್ಪು ಅಂತ ನಾನು ಈಗ ಹೇಳುವುದಿಲ್ಲ.

ಆದರೆ ಫೈನಲ್ ನೋಡಿ. 2022ರ ಫೆಬ್ರವರಿ 13, ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ. ಬರೋ ಏಳು ಸಲ ಸ್ಯಾಕ್ ಆದರು. ಕೊನೆಯ ನಿಮಿಷ, ನಾಲ್ಕನೇ ಡೌನ್ ಅಂದರೆ ಕೊನೆಯ ಪ್ರಯತ್ನ, ಮೂರೇ ಅಂಕ ಹಿಂದೆ. ಆರನ್ ಡೊನಾಲ್ಡ್ ಲೈನ್ ಸೀಳಿಕೊಂಡು ಬಂದು ಬರೋವನ್ನು ಹಿಡಿದು ಸುತ್ತಿಸಿಬಿಟ್ಟರು. ಬಾಲ್ ಕೈಜಾರಿ ಎಲ್ಲೋ ಬಿತ್ತು. ಆಟ ಮುಗಿಯಿತು, 23-20. ಡೊನಾಲ್ಡ್ ಈ ಜಾಗಕ್ಕೆ ಚಿಕ್ಕ ಆಳು, ಆರಡಿ ಒಂದಿಂಚು. ಮೂರು ಸಲ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಆದವರು. ಲೈನ್ ಬಡವಾಗಿದ್ದರೆ ತಂಡ ಫೈನಲ್‌ವರೆಗೂ ಬರಬಹುದು. ಆದರೆ ಒಂದಲ್ಲ ಒಂದು ದಿನ ಇಂಥ ಒಬ್ಬರು ಎದುರಾಗುತ್ತಾರೆ.

ಈಗ ಬ್ರೇಡಿ, ಮಹೋಮ್ಸ್. ನನ್ನ ಆಯ್ಕೆ ಬ್ರೇಡಿ. ಕೈಯ ಶಕ್ತಿ, ಓಟ, ಬೀಳುತ್ತಾ ಎಸೆಯುವ ಜಾಣ್ಮೆ, ಇವುಗಳಲ್ಲಿ ಮಹೋಮ್ಸ್‌ಗೆ ಸಮ ಯಾರೂ ಇಲ್ಲ. ಬ್ರೇಡಿ 2000ನೇ ಇಸವಿಯ ಡ್ರಾಫ್ಟ್‌ನಲ್ಲಿ 199ನೇ ಆಯ್ಕೆ. ಓಟದಲ್ಲಂತೂ ನಿಧಾನ. ಆದರೂ ಏಳು ಸೂಪರ್ ಬೌಲ್ ಗೆದ್ದರು. ಯಾಕೆಂದರೆ ಆ ಎರಡೂವರೆ ಸೆಕೆಂಡಿನ ಬೆಲೆ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಾಲ್ ಕೈಗೆ ಬರುವ ಮುಂಚೆಯೇ ಎಲ್ಲಿಗೆ ಎಸೆಯಬೇಕು ಅಂತ ನಿರ್ಧರಿಸಿರುತ್ತಿದ್ದರು. ತನ್ನ ಲೈನ್‌ಗೆ ಕಡಿಮೆ ಕೆಲಸ ಕೊಡುವ ಕ್ವಾರ್ಟರ್‌ಬ್ಯಾಕ್ ಅವರು. ಮಹೋಮ್ಸ್ ಬಾಲನ್ನು ಹೆಚ್ಚು ಹೊತ್ತು ಹಿಡಿದು ದೊಡ್ಡದನ್ನು ಹುಡುಕುತ್ತಾರೆ. ನೋಡಲು ಅದೇ ಚೆಂದ, ಲೈನ್‌ನವರಿಗೆ ಅದೇ ಕಷ್ಟ. ಅವರ ವಯಸ್ಸು ಇನ್ನೂ ಇದೆ. ಮೂರು ಗೆದ್ದಿದ್ದಾರೆ. ನನ್ನ ಅಭಿಪ್ರಾಯ ಮುಂದೆ ಬದಲಾಗಬಹುದು.

ಬ್ರೇಡಿ ಸೋತಾಗಲೂ ಕತೆ ಅದೇ. 2007ರ ಸೀಸನ್‌ನಲ್ಲಿ ಅವರ ನ್ಯೂ ಇಂಗ್ಲೆಂಡ್ ತಂಡ ಒಂದೂ ಸೋಲದೆ 18 ಪಂದ್ಯ ಗೆದ್ದಿತ್ತು. ಬ್ರೇಡಿ 50 ಟಚ್‌ಡೌನ್ ಎಸೆದಿದ್ದರು. ಫೈನಲ್‌ನಲ್ಲಿ ಜೈಂಟ್ಸ್‌ನ ಮುಂದಿನ ಸಾಲು ಅವರನ್ನು ಐದು ಸಲ ಕೆಡವಿತು. 17-14ರಲ್ಲಿ ಸೋತರು. ಹತ್ತು ವರ್ಷದ ನಂತರ, 2018ರ ಫೆಬ್ರವರಿ 4ರಂದು ನಮ್ಮ ಈಗಲ್ಸ್ ವಿರುದ್ಧ 505 ಯಾರ್ಡ್ ಎಸೆದರು. ಆ ಪಂದ್ಯದಲ್ಲಿ ನಾವು ಮಾಡಿದ್ದು ಒಂದೇ ಸ್ಯಾಕ್. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಬ್ರಾಂಡನ್ ಗ್ರಹಾಂ ಕೈ ಹಾಕಿ ಬಾಲನ್ನು ಬ್ರೇಡಿಯ ಕೈಯಿಂದ ಬಡಿದು ಬೀಳಿಸಿದರು. ನಮ್ಮ ಮೊದಲ ಸೂಪರ್ ಬೌಲ್. ಆ ಕ್ಷಣ ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ.

ಮಾತು ಕೊಟ್ಟಂತೆ ಈಗ ಕೌಬಾಯ್ಸ್. ಜ್ಯಾಕ್ ಮಾರ್ಟಿನ್, ಗಾರ್ಡ್, 70ನೇ ನಂಬರ್. 2014ರಿಂದ ಹನ್ನೊಂದು ಸೀಸನ್ ಆಡಿ 2025ರಲ್ಲಿ ನಿವೃತ್ತರಾದರು. ಒಂಬತ್ತು ಸಲ ಪ್ರೊ ಬೌಲ್‌ಗೆ, ಅಂದರೆ ಆ ವರ್ಷದ ಅತ್ಯುತ್ತಮರ ಪಟ್ಟಿಗೆ, ಆಯ್ಕೆಯಾದರು. ಇಷ್ಟು ವರ್ಷದಲ್ಲಿ ಅವರ ತಂಡ ಅವರ ಹೋಲ್ಡಿಂಗ್ ತಪ್ಪಿಗೆ ಯಾರ್ಡ್ ತೆತ್ತದ್ದು ಅದಕ್ಕಿಂತ ಕಡಿಮೆ ಸಲ. ಒರಟಾಗಿ ಕಾಣುವ ಈ ಕೆಲಸವನ್ನು ಎಷ್ಟು ಶುದ್ಧವಾಗಿ ಮಾಡಬಹುದು ಅಂತ ನೋಡಬೇಕಾದರೆ ಅವರ ಹಳೆಯ ಪಂದ್ಯ ಹಾಕಿ ತೋರಿಸಿ. ವರ್ಷಕ್ಕೆ ಎರಡು ಸಲ ಅವರು ನಮ್ಮವರನ್ನು ತಡೆದು ನಿಲ್ಲಿಸುವುದನ್ನು ನೋಡಿ ನೋಡಿ ನನಗೆ ಗೊತ್ತು.

ಬಾಲೇ ಸಿಗಲ್ಲ ಅನ್ನುವ ಬೇಜಾರಿಗೂ ಒಂದು ದಾರಿ ಇದೆ. ಸೆಂಟರ್ ಜಾಗ ಕಲಿಯಲಿ. ಪ್ರತಿ ಆಟವೂ ಸೆಂಟರ್‌ನ ಕೈಯಿಂದಲೇ ಶುರುವಾಗುತ್ತದೆ. ಬಾಲನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಟ್ಟು ಅದೇ ಕ್ಷಣ ತಲೆ ಎತ್ತಿ ಎದುರಿನವನನ್ನು ತಡೆಯಬೇಕು. ಯಾರು ಯಾರನ್ನು ತಡೆಯಬೇಕು ಅಂತ ಕೂಗಿ ಹೇಳುವವನೂ ಬಹುಮಟ್ಟಿಗೆ ಅವನೇ. ನಮ್ಮ ಜೇಸನ್ ಕೆಲ್ಸಿ ಕಾಲೇಜಿಗೆ ಸೇರಿದಾಗ ಲೈನ್ ಆಟಗಾರನೇ ಅಲ್ಲ, ಸ್ಕಾಲರ್‌ಶಿಪ್ ಕೂಡ ಇರಲಿಲ್ಲ. ಆಮೇಲೆ ಲೈನ್‌ಗೆ ಬಂದರು. 2011ರಲ್ಲಿ ಆರನೇ ಸುತ್ತಿನಲ್ಲಿ ಈಗಲ್ಸ್‌ಗೆ ಸಿಕ್ಕರು, 2024ರಲ್ಲಿ ನಿವೃತ್ತರಾದರು. ಸೆಂಟರ್‌ಗೆ ತೂಕ ಕಡಿಮೆ ಅಂತ ಅನ್ನಿಸಿಕೊಂಡವರು. ಬುದ್ಧಿ ಮತ್ತು ಕಾಲಿನ ಚುರುಕಿನಿಂದಲೇ ಹದಿಮೂರು ವರ್ಷ ಆಳಿದರು.

ತಾಯಿಯಾಗಿ ನೀವು ಕೇಳದೆ ಬಿಟ್ಟ ಒಂದು ವಿಷಯ ಇದೆ. ತಲೆಗೆ ಪೆಟ್ಟು. ಲೈನ್‌ನಲ್ಲಿ ದೊಡ್ಡ ಡಿಕ್ಕಿ ಕಡಿಮೆ, ಸಣ್ಣ ಸಣ್ಣ ಡಿಕ್ಕಿ ಜಾಸ್ತಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೋಚ್ ಹತ್ತಿರ ನೇರವಾಗಿ ಕೇಳಿ: ಅಭ್ಯಾಸದಲ್ಲಿ ವಾರಕ್ಕೆ ಎಷ್ಟು ಹೊತ್ತು ನಿಜವಾದ ಡಿಕ್ಕಿ ಇರುತ್ತದೆ? ಹುಡುಗರಿಗೆ ಕೈಯಿಂದ ತಡೆಯಲು ಕಲಿಸುತ್ತೀರಾ, ತಲೆ ಮುಂದೆ ಮಾಡಲು ಬಿಡುತ್ತೀರಾ? ತಲೆನೋವು, ತಲೆಸುತ್ತು, ಮಂಪರು ಕಂಡರೆ ಅವತ್ತು ಆಟ ಬಂದ್, ಡಾಕ್ಟರ್ ಹೇಳುವವರೆಗೆ ಮತ್ತೆ ಇಳಿಯುವ ಹಾಗಿಲ್ಲ. ಇದಕ್ಕೆ ಎಲ್ಲಾ ರಾಜ್ಯಗಳಲ್ಲೂ ಕಾನೂನು ಇದೆ. ಹುಡುಗರು ಆಟ ತಪ್ಪುತ್ತದೆ ಅಂತ ನೋವು ಮುಚ್ಚಿಡುತ್ತಾರೆ. ಮುಚ್ಚಿಡಬಾರದು ಅಂತ ಮನೆಯಲ್ಲೇ ಖಡಾಖಂಡಿತವಾಗಿ ಹೇಳಿಡಿ.

ಮುಂದಿನ ಭಾನುವಾರ ಹೀಗೆ ಮಾಡಿ. ಮಗನ ಪಕ್ಕ ಕೂತು ಟಿವಿ ಹಾಕಿ. ಬಾಲ್ ಸೆಂಟರ್‌ನ ಕೈಬಿಟ್ಟ ಕೂಡಲೇ ಇಬ್ಬರೂ ಎಡ ಟ್ಯಾಕಲ್‌ನ ಕಾಲು ನೋಡಿ. ಬಾಲ್ ಎಲ್ಲಿಗೆ ಹೋಯಿತು ಅಂತ ರೀಪ್ಲೇಯಲ್ಲಿ ಹೇಗೂ ತೋರಿಸುತ್ತಾರೆ. ಹತ್ತು ಆಟ ಹೀಗೆ ನೋಡಿದರೆ ಸಾಕು. ಹನ್ನೊಂದನೆಯದರಲ್ಲಿ ಸ್ಯಾಕ್ ಆಗುವುದು ನಿಮಗೆ ಕಾಮೆಂಟರಿಯವರಿಗಿಂತ ಮುಂಚೆ ಗೊತ್ತಾಗುತ್ತದೆ.

ಆಮೇಲೆ ಅವನ ಸ್ಕೂಲ್ ಪಂದ್ಯಕ್ಕೆ ಹೋದಾಗ, ಕಾರು ಹತ್ತುವಾಗ, ಎಷ್ಟು ಅಂಕ ಬಂತು ಅಂತ ಕೇಳಬೇಡಿ. "ನಿನ್ನೆದುರಿಗೆ ನಿಂತಿದ್ದವನು ಎಷ್ಟು ಸಲ ನಿನ್ನನ್ನ ದಾಟಿದ?" ಅಂತ ಕೇಳಿ. ಅವನ ಹತ್ತಿರ ಲೆಕ್ಕ ಇರುತ್ತದೆ. ಮನೆ ಮುಟ್ಟುವವರೆಗೂ ಹೇಳುತ್ತಾನೆ.